ಕುಂಕುಮ ಬಿದ್ದ ಉಕ್ಕಿನ ಹಲಗೆಗೆ ಗುಂಡು ಹೊಡೆಯಬಹುದೇ ಎಂಬ ಬಗ್ಗೆ

ಇಲಾಖೆಯ ಉಪವಿಭಾಗ ಕಚೇರಿ, ಅರಕಲಗೂಡು, ಹಾಸನ ಜಿಲ್ಲೆ

ಸಂಖ್ಯೆ: ಉವಿಕ/ಅರ/ಸಿಬ್ಬಂದಿ/ಗುಂಡುತಡೆ/ಸಿಆರ್-4/2025-26
ದಿನಾಂಕ: 13-11-2025

ಸುತ್ತೋಲೆ

ವಿಷಯ: ಕಚೇರಿಯ ಹಿತ್ತಲಿನಲ್ಲಿ ಏರ್ ಗನ್ ಅಭ್ಯಾಸಕ್ಕೆಂದು ಮನೆಯಲ್ಲೇ ತಯಾರಿಸಿದ ಗುಂಡು ತಡೆಯುವ ಪೆಟ್ಟಿಗೆಗೆ ಯಾವ ಉಕ್ಕು ಹಾಕತಕ್ಕದ್ದು, ಹಾಗೂ ಹಾಕಿದ ಉಕ್ಕಿಗೆ ಗುಂಡು ಹೊಡೆಯತಕ್ಕದ್ದೋ ಕೈ ಮುಗಿಯತಕ್ಕದ್ದೋ ಎಂಬ ಬಗ್ಗೆ.

ಉಲ್ಲೇಖ:
1. ಕೋತಿಗಳ ಉಪಟಳ ಕುರಿತು ಸಿಬ್ಬಂದಿಯ ಮೌಖಿಕ ದೂರು.
2. ಶ್ರೀಮತಿ ಅನಸೂಯಮ್ಮ, ಪ್ರಥಮ ದರ್ಜೆ ಸಹಾಯಕರು, ಇವರ ಮನವಿ.
3. ಅವರದೇ ನೆನಪೋಲೆ.
4. ಅವರದೇ ಇನ್ನೊಂದು ನೆನಪೋಲೆ.
5. ಅವರು ಬಾಗಿಲು ಜೋರಾಗಿ ಹಾಕಿಕೊಂಡು ಹೋದ ಬಗ್ಗೆ ಅಧೀಕ್ಷಕರ ಟಿಪ್ಪಣಿ.

ಪ್ರಸ್ತಾವನೆ

ಈ ಕಚೇರಿಯ ದಾಖಲೆ ಕೊಠಡಿಗೆ ಹಿಂಬದಿ ಕಿಟಕಿಯಿಂದ ಕೋತಿಗಳು ನುಗ್ಗಿ ಕಡತಗಳನ್ನು ಚೆಲ್ಲಾಪಿಲ್ಲಿ ಮಾಡುತ್ತಿದ್ದವು. ಸದರಿ ಕೆಲಸಕ್ಕೆ ಈಗಾಗಲೇ ಸಿಬ್ಬಂದಿ ನೇಮಕವಾಗಿರುವುದರಿಂದ, ಕೋತಿಗಳನ್ನು ಬೆದರಿಸಲು ಒಂದು ಏರ್ ಗನ್ ಖರೀದಿಸಲಾಯಿತು. ಗನ್ನು ಬಂದ ದಿನವೇ, ಕೋತಿಯು ಆಂಜನೇಯನ ಕಡೆಯದಾದ್ದರಿಂದ ಅದರತ್ತ ಗುರಿ ಇಡಕೂಡದೆಂದು ಕಚೇರಿ ಅಧೀಕ್ಷಕರಾದ ಶ್ರೀ ಪಂಚಾಕ್ಷರಯ್ಯನವರು ಷರಾ ಬರೆದರು. ಅಂದಿನಿಂದ ಗನ್ನು ಬೀರುವಿನಲ್ಲೂ ಕೋತಿಗಳು ದಾಖಲೆ ಕೊಠಡಿಯಲ್ಲೂ ಇದ್ದು, ಎರಡೂ ಕ್ಷೇಮವಾಗಿದ್ದವು.

ಹೀಗಿರುವಲ್ಲಿ, ಹರದನಹಳ್ಳಿ ಕಡೆಯವರಾದ ಶ್ರೀಮತಿ ಅನಸೂಯಮ್ಮನವರು ಬೀರುವಿನ ಬೀಗದ ಕೈ ಕೇಳಿದರು. ಅವರು ಹೊಳೆನರಸೀಪುರದ ಕಾಲೇಜಿನಲ್ಲಿ ಎನ್.ಸಿ.ಸಿ. ಸೇರಿದ್ದಾಗ ಒಂದೇ ಒಂದು ಸಲ ಬಂದೂಕು ಹಿಡಿದಿದ್ದರೆಂದೂ, ಆಮೇಲೆ ಮದುವೆ, ಮಕ್ಕಳು, ಇಲಾಖಾ ಪರೀಕ್ಷೆ, ಬಾರದ ಮುಂಬಡ್ತಿ ಇವುಗಳ ನಡುವೆ ಅದು ಕೈಗೆ ಸಿಗಲೇ ಇಲ್ಲವೆಂದೂ ಮನವಿಯಿಂದ ತಿಳಿದುಬರುತ್ತದೆ. ಊಟದ ವಿರಾಮದಲ್ಲಿ ಮುದ್ದೆಯನ್ನು ಬೇಗ ಬೇಗ ಮುಗಿಸಿ, ಹಿತ್ತಲಿನಲ್ಲಿ ಕಾಗದದ ಗುರಿಗೆ ಹೊಡೆಯಲು ಅವರು ಶುರು ಮಾಡಿದರು. ಉಸಿರು ಬಿಗಿಹಿಡಿದು ಗನ್ನಿನ ಕುದುರೆ ಎಳೆಯುವ ಆ ಕ್ಷಣದಲ್ಲಿ ತಮ್ಮ ಮಟ್ಟಿಗೆ ಲೋಕದಲ್ಲಿ ಯಾವ ಕಡತವೂ ಬಾಕಿ ಇರುವುದಿಲ್ಲವೆಂದು ಅವರು ಮನವಿಯಲ್ಲಿ ಬರೆದಿದ್ದು, ಈ ವಾಕ್ಯವು ಕಚೇರಿ ಪದ್ಧತಿಗೆ ವಿರುದ್ಧವಾಗಿರುವುದನ್ನು ಗಮನಿಸಲಾಗಿದೆ.

ಇದೇ ಭಾನುವಾರ ಹಾಸನದಲ್ಲಿ ನಡೆಯುವ ಇಲಾಖಾ ಕ್ರೀಡಾಕೂಟದ ಮಹಿಳೆಯರ ಏರ್ ರೈಫಲ್ ಸ್ಪರ್ಧೆಗೆ ಅವರು ಹೆಸರು ಕೊಟ್ಟಿದ್ದಾರೆ. ಈ ತಿಂಗಳ ಕೊನೆಗೆ ವಯೋನಿವೃತ್ತಿ ಹೊಂದಲಿರುವುದರಿಂದ ಅವರಿಗೆ ಇದು ಮೊದಲ ಕೂಟ, ಕೊನೆಯದೂ ಹೌದು. ಆದರೆ ಸುರಕ್ಷಿತವಾದ ಉಕ್ಕಿನ ತಡೆಯ ಮುಂದೆ ಅಭ್ಯಾಸ ಮಾಡಿದ್ದಾರೆಂದು ಕಚೇರಿ ಮುಖ್ಯಸ್ಥರು ಸಹಿ ಮಾಡಿ ದೃಢೀಕರಿಸದ ಹೊರತು ಸ್ಪರ್ಧೆಗೆ ಪ್ರವೇಶವಿಲ್ಲ. ಸದರಿ ತಡೆಗೆ ಉಕ್ಕು ಆರಿಸುವ ಕೆಲಸವನ್ನು ಈ ಕಚೇರಿಯು ಮುಂಗಾರಿನಿಂದ ಕೈಗೆತ್ತಿಕೊಂಡಿದ್ದು, ಅದರ ಪ್ರಗತಿ ಮತ್ತು ತತ್ಸಂಬಂಧ ನಿಯಮಗಳನ್ನು ಸಮಸ್ತ ಸಿಬ್ಬಂದಿಯ ಗಮನಕ್ಕೆ ಈ ಕೆಳಗಿನಂತೆ ತರಲಾಗಿದೆ.

ನಿಯಮಗಳು

1. ಹಳೆಯ ಕಡತದ ಕಟ್ಟುಗಳನ್ನು ಗುರಿಯ ಹಿಂದೆ ಒಟ್ಟಿ ಗುಂಡು ತಡೆಯುವುದನ್ನು ನಿಷೇಧಿಸಿದೆ. ಮೊದಲು ಹೀಗೆಯೇ ಮಾಡಲಾಗುತ್ತಿತ್ತು. ಬಾಗೂರಿನ ಒಂದು ಜಮೀನು ತಕರಾರಿನ ಕಡತದೊಳಗೆ ಗುಂಡು ಅರ್ಧದವರೆಗೂ ಹೋಗಿ ನಿಂತಿರುವುದು ಪರಿಶೀಲನೆಯಲ್ಲಿ ಕಂಡುಬಂದಿದೆ. ಆ ಕಡತದಲ್ಲಿ ಅಷ್ಟು ದೂರ ಹೋದವರು ಈವರೆಗೆ ಯಾರೂ ಇಲ್ಲದ ಕಾರಣ, ಗುಂಡಿನ ಅಭಿಪ್ರಾಯವನ್ನು ಪಡೆಯುವ ಬಗ್ಗೆ ಮೇಲಿನ ಕಚೇರಿಯಿಂದ ಸ್ಪಷ್ಟೀಕರಣ ಕೋರಲಾಗಿದೆ.

2. ಅದರ ಬದಲಿಗೆ ಶ್ರೀಮತಿ ಅನಸೂಯಮ್ಮನವರು ತಮ್ಮ ಮನೆಯ ಹಳೇ ಮಂಚದ ಮರದಿಂದ ಒಂದು ಪೆಟ್ಟಿಗೆ ಮಾಡಿಸಿ, ಅದನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ತಂದರು. ಮುಂದೆ ಕಾಗದದ ಗುರಿ, ಕೆಳಗೆ ಮರಳಿನ ತಟ್ಟೆ, ಹಿಂದೆ ಉಕ್ಕಿನ ಹಲಗೆ. ಉಕ್ಕು ಮಾತ್ರ ಬಾಕಿ. ಅದನ್ನೂ ಸ್ವಂತಕ್ಕೆ ತರುತ್ತೇನೆಂದು ಅವರು ಹೇಳಿದರಾದರೂ, ಕಚೇರಿ ಆವರಣದಲ್ಲಿ ಕಚೇರಿಯ ಗನ್ನಿನಿಂದ ಹಾರಿದ ಗುಂಡು ಖಾಸಗಿ ಉಕ್ಕಿಗೆ ತಗುಲುವುದು ಸರ್ಕಾರಿ ಸ್ವತ್ತಿನ ಅನಧಿಕೃತ ವರ್ಗಾವಣೆಯಾಗುವುದರಿಂದ ಕೋರಿಕೆಯನ್ನು ತಿರಸ್ಕರಿಸಲಾಯಿತು.

3. ಉಕ್ಕಿನ ಆಯ್ಕೆಗೆ ಶ್ರೀ ಪಂಚಾಕ್ಷರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ರಚಿಸಲಾಯಿತು. ತಮ್ಮ ಮನೆಯ ಗೇಟು ಮಾಡಿಸುವಾಗ ಅವರು ವೆಲ್ಡಿಂಗ್ ಅಂಗಡಿಯ ಮುಂದೆ ಕುರ್ಚಿ ಹಾಕಿಕೊಂಡು ಕುಳಿತಿದ್ದ ಅನುಭವವನ್ನು ತಾಂತ್ರಿಕ ಅರ್ಹತೆಯೆಂದು ಪರಿಗಣಿಸಲಾಗಿದೆ. ಗನ್ನು ಹಿಡಿದು ಗೊತ್ತಿರುವವರು ಪಕ್ಷಪಾತ ಮಾಡುವ ಸಂಭವ ಇರುವುದರಿಂದ ಶ್ರೀಮತಿ ಅನಸೂಯಮ್ಮನವರನ್ನು ಸಮಿತಿಯಿಂದ ಹೊರಗಿಟ್ಟು, ಟೀ ತರಿಸುವ ಜವಾಬ್ದಾರಿ ವಹಿಸಲಾಯಿತು.

4. ಗೇಜ್ ಕುರಿತು: ಹತ್ತು ಗೇಜ್ ಮತ್ತು ಮೂವತ್ತು ಗೇಜ್ ತಗಡುಗಳ ಪೈಕಿ ಸಮಿತಿಯು ಮೂವತ್ತನ್ನು ಆರಿಸಿತು. ಗೇಜ್ ಸಂಖ್ಯೆ ಏರಿದಂತೆ ತಗಡು ತೆಳುವಾಗುತ್ತದೆಂದು ಅಂಗಡಿಯವರು ಹೇಳಿದ್ದನ್ನು, ಸಂಖ್ಯೆ ಹೆಚ್ಚಾದಂತೆ ತೂಕ ಇಳಿಯುವುದು ಜ್ಯೇಷ್ಠತಾ ಪಟ್ಟಿಯ ಮೂಲ ತತ್ವಕ್ಕೆ ವಿರುದ್ಧವಾದ್ದರಿಂದ, ಒಪ್ಪಲಾಗಲಿಲ್ಲ. ಸದರಿ ತಗಡು ಮೊದಲ ವಾರದಲ್ಲೇ ತೂತಾಗಿ, ಗುಂಡು ಹಿಂದಿದ್ದ ನೀರಿನ ಟ್ಯಾಂಕಿಗೆ ಬಿದ್ದಿತು. ಒಂದೇ ಜಾಗಕ್ಕೆ ಮತ್ತೆ ಮತ್ತೆ ಗುಂಡು ಬಿದ್ದದ್ದೇ ತೂತಿಗೆ ಕಾರಣವೆಂದು ತನಿಖೆಯಿಂದ ಸಾಬೀತಾಗಿದೆ. ಆಗಾಗ ಗುರಿ ತಪ್ಪುವಷ್ಟಾದರೂ ಹೊಣೆಗಾರಿಕೆ ಏಕೆ ತೋರಲಿಲ್ಲವೆಂದು ಶ್ರೀಮತಿ ಅನಸೂಯಮ್ಮನವರಿಗೆ ಕಾರಣ ಕೇಳುವ ನೋಟಿಸ್ ನೀಡಲಾಯಿತು.

5. ಸ್ಟೇನ್‌ಲೆಸ್ ಸ್ಟೀಲ್ ಕುರಿತು: ತುಕ್ಕು ಹಿಡಿಯುವುದಿಲ್ಲ, ನೋಡಲು ಲಕ್ಷಣವಾಗಿದೆ ಎಂಬ ಕಾರಣದಿಂದ ಮದುವೆ ಮನೆಯ ದೊಡ್ಡ ಪರಾತವೊಂದನ್ನು ಬಾಡಿಗೆಗೆ ತಂದು ನೆಟ್ಟಗೆ ನಿಲ್ಲಿಸಿ ಪರೀಕ್ಷಿಸಲಾಯಿತು. ಗುಂಡು ಪರಾತಕ್ಕೆ ಬಡಿದು, ಚಪ್ಪಟೆಯಾಗಿ, ಬಂದ ದಾರಿಯಲ್ಲೇ ಮರಳಿ ಅಧೀಕ್ಷಕರ ಟೀ ಲೋಟದೊಳಕ್ಕೆ ಬಿದ್ದಿತು. ಕಚೇರಿಯಿಂದ ಹೊರಹೋಗಿ ಪುನಃ ಕಚೇರಿಗೇ ಬಂದ ವಸ್ತುವಾದ್ದರಿಂದ ಅದನ್ನು ಸ್ವೀಕೃತಿ ವಹಿಯಲ್ಲಿ ದಾಖಲಿಸಿ, ಅಧೀಕ್ಷಕರ ಹೆಸರಿಗೆ ಗುರುತು ಹಾಕಲಾಯಿತು. ಅವರು ಒಂದು ವಾರ ರಜೆಯ ಮೇಲೆ ತೆರಳಿದರು. ಇನ್ನು ಮುಂದೆ ಹಿತ್ತಲಿಗೆ ಬರುವವರೆಲ್ಲರೂ ಕನ್ನಡಕ ಧರಿಸತಕ್ಕದ್ದು. ಓದಲು ಬಾರದವರಿಗೂ ಈ ನಿಯಮ ಅನ್ವಯಿಸುತ್ತದೆ.

6. ಲಾರಿಯ ಕಮಾನು ಪಟ್ಟಿಗಳನ್ನು ಜೋಡಿಸಿ ತಡೆ ಮಾಡುವ ಸಲಹೆಯನ್ನು ಕೈಬಿಡಲಾಗಿದೆ. ಅದು ಬಹಳ ಗಟ್ಟಿ ಉಕ್ಕು, ಆದರೆ ಪಟ್ಟಿಗೂ ಪಟ್ಟಿಗೂ ನಡುವೆ ಸಂದಿ ಉಳಿಯುತ್ತದೆ. ಇಲಾಖೆಯ ಆದೇಶಗಳಲ್ಲಿರುವ ಸಂದಿಗಳೇ ಸಾಕಷ್ಟಿರುವಾಗ ಹೊಸದನ್ನು ಸೃಷ್ಟಿಸುವ ಅಗತ್ಯ ಕಂಡುಬಂದಿಲ್ಲ.

7. ಗೊರೂರಿನ ಉಗ್ರಾಣವೊಂದರಲ್ಲಿ ಹಳೆಯ ಗೇಟಿನ ದಪ್ಪ ಉಕ್ಕು ಬಿದ್ದಿದೆಯೆಂದು ತಿಳಿದು ಪತ್ರ ಬರೆಯಲಾಯಿತು. ಸದರಿ ಉಕ್ಕು ಬಳಕೆಗೆ ಯೋಗ್ಯವೆಂದು ಒಪ್ಪಿದರೆ ಅದನ್ನು ಇಷ್ಟು ವರ್ಷ ಬಳಸದಿದ್ದುದಕ್ಕೆ ವಿವರಣೆ ಕೊಡಬೇಕಾಗುತ್ತದೆ. ಅಯೋಗ್ಯವೆಂದರೆ ಕೊಡಲು ಬರುವುದಿಲ್ಲ. ಆದ್ದರಿಂದ ಅಲ್ಲಿ ಅಂಥ ಉಕ್ಕೇ ಇಲ್ಲವೆಂದು ಉತ್ತರ ಬಂದಿದ್ದು, ಅದರ ಮೇಲೆ ಕುಳಿತೇ ಉತ್ತರ ಬರೆಯಲಾಗಿದೆಯೆಂದು ಬಲ್ಲ ಮೂಲಗಳಿಂದ ತಿಳಿದುಬಂದಿದೆ.

8. ಕೊನೆಗೆ ಸಾದಾ ಕಬ್ಬಿಣದಂಗಡಿಯಲ್ಲಿ ಸಿಗುವ, ಆರು ಮಿಲಿಮೀಟರ್ ದಪ್ಪದ ಎಂ.ಎಸ್. ಪ್ಲೇಟು, ಅಂದರೆ ಮೆದು ಉಕ್ಕಿನ ಹಲಗೆ, ಸಾಕೆಂದು ತೀರ್ಮಾನಿಸಲಾಯಿತು. ಶ್ರೀಮತಿ ಅನಸೂಯಮ್ಮನವರು ಮನವಿಯ ಮೊದಲ ಸಾಲಿನಲ್ಲೇ ಇದನ್ನು ಕೇಳಿದ್ದರಾದರೂ, ಸಮಿತಿಯು ಸ್ವತಂತ್ರವಾಗಿ ಈ ನಿರ್ಣಯಕ್ಕೆ ಬಂದಿರುತ್ತದೆ. ಹಲಗೆಯ ತಲೆ ಮುಂದಕ್ಕೆ ಬಾಗಿರಬೇಕು, ಆಗ ಗುಂಡು ಮರಳಿಗೆ ಜಾರಿ ಬೀಳುತ್ತದೆಂದು ಅವರು ತಿಳಿಸಿದ್ದಾರೆ. ಕಚೇರಿಯಲ್ಲಿ ಬಾಗುವುದಕ್ಕೆ ಸಿಬ್ಬಂದಿ ಇರುವಾಗ ಹಲಗೆಯೂ ಬಾಗುವುದೇಕೆಂದು ಸಮಿತಿಯು ಮೂರು ಸಭೆಗಳಲ್ಲಿ ಚರ್ಚಿಸಿ, ಟೀ ಲೋಟದ ಪ್ರಕರಣವನ್ನು ನೆನೆದು ಅನುಮತಿಸಿದೆ.

9. ಪ್ಲೇಟು ಚನ್ನರಾಯಪಟ್ಟಣದಿಂದ ಬಂದಿಳಿದದ್ದು ಆಯುಧಪೂಜೆಯ ಬೆಳಿಗ್ಗೆ. ಎಲ್ಲರೂ ಈ ವೇಳೆಗೆ ಊಹಿಸಿರುವಂತೆ, ಎಡವಟ್ಟಾಗಿದ್ದೂ ಅಲ್ಲೇ. ಜೀಪು, ಟೈಪ್‌ರೈಟರು, ಸ್ಟೇಪ್ಲರು, ಕಾಗದ ತೂತು ಮಾಡುವ ಪಂಚು, ಇವೆಲ್ಲವನ್ನೂ ತೊಳೆದು ಹಿತ್ತಲಿನಲ್ಲಿ ಸಾಲಾಗಿ ಇಟ್ಟಿದ್ದ ಡಿ ದರ್ಜೆ ನೌಕರ ಶ್ರೀ ಸಿದ್ದೇಶ್ವರ, ಹೊಸ ಉಕ್ಕು ಬಂತೆಂಬ ಸಂಭ್ರಮಕ್ಕೆ ಅದನ್ನು ಮಧ್ಯದಲ್ಲಿ ನಿಲ್ಲಿಸಿ, ವಿಭೂತಿಯ ಮೂರು ಪಟ್ಟೆ ಎಳೆದು, ನಡುವೆ ಕುಂಕುಮವಿಟ್ಟು, ಸೇವಂತಿಗೆ ಹಾರ ಹಾಕಿದರು. ಸಮಜಾಯಿಷಿ ಕೇಳಿದಾಗ ಅವರು ನೀಡಿದ ಹೇಳಿಕೆಯನ್ನು ಯಥಾವತ್ತಾಗಿ ದಾಖಲಿಸಲಾಗಿದೆ: "ಕಬ್ಣ ಅಂದ್ಮ್ಯಾಕೆ ಎಲ್ಲಾ ಒಂದೇ ಅಲ್ವಾ ಸಾ? ಅದೊಂದ್ನೇ ಬುಟ್ಟು ಮಿಕ್ಕಿದ್ಕೆಲ್ಲ ಇಕ್ಕಿದ್ರೆ ಪಾಪ ಅದು ಏನಂದ್ಕೊಂಡಾತು?"

10. ಹಬ್ಬದ ರಜೆ ಮುಗಿದಂದಿನಿಂದ ಸಿಬ್ಬಂದಿಯು ಹಲಗೆಯ ಮುಂದೆ ಚಪ್ಪಲಿ ಬಿಡತೊಡಗಿದರು. ಎದುರು ಮನೆಯ ಶ್ರೀಮತಿ ಪಾರ್ವತಮ್ಮನವರು ಶುಕ್ರವಾರ ತುಪ್ಪದ ದೀಪ ಹಚ್ಚಿಟ್ಟು, ಮಗಳ ವರ್ಗಾವಣೆಗೆ ಹರಕೆ ಹೊತ್ತರು. ವರ್ಗಾವಣೆ ಆಯಿತು. ಇಡೀ ಪ್ರಕರಣದಲ್ಲಿ ಈ ಕಚೇರಿಯಿಂದ ಸಾರ್ವಜನಿಕರಿಗಾದ ಏಕೈಕ ಉಪಕಾರ ಇದಾಗಿರುವುದರಿಂದ, ಹಲಗೆಗೆ ಗುಂಡು ಹೊಡೆಯುವುದು ಸೂಕ್ತವಲ್ಲವೆಂದು ಶ್ರೀ ಪಂಚಾಕ್ಷರಯ್ಯನವರು ಷರಾ ಬರೆದರು. ಅವರು ಕೆಟ್ಟವರಲ್ಲ, ಹೆದರುವವರು. ಮೂವತ್ತು ವರ್ಷ ಯಾವುದಕ್ಕೂ ಹೌದು ಅನ್ನದೆ ಬಚಾವಾದವರಿಗೆ ಹೊಸದಾಗಿ ಹೌದು ಅನ್ನುವುದು ಕಷ್ಟವೆಂಬುದನ್ನು ಈ ಕಚೇರಿ ಬಲ್ಲದು.

11. ಸದರಿ ಷರಾದ ವಿರುದ್ಧ ಶ್ರೀಮತಿ ಅನಸೂಯಮ್ಮನವರು ಅಧೀಕ್ಷಕರ ಮೇಜಿನ ಮುಂದೆ ನಿಂತು ಮಂಡಿಸಿದ ವಾದ: "ಜೀಪ್ಗೂ ಕುಂಕುಮ ಇಕ್ಕಿದ್ರಿ, ನಿಂಬೆಅಣ್ಣೂ ಇಟ್ರಿ. ಅಂಗಂತ ಅದ್ನ ಓಡ್ಸಲ್ವಾ ಸಾ?"

ಜೀಪು ಆಯುಧಪೂಜೆಯ ನಂತರ ಓಡಿಲ್ಲವೆಂದು, ವಾಸ್ತವವಾಗಿ ಮುಂಚೆಯೂ ಓಡುತ್ತಿರಲಿಲ್ಲವೆಂದು ದಾಖಲೆಗಳಿಂದ ಸ್ಪಷ್ಟವಾಗಿರುವ ಕಾರಣ ಸದರಿ ವಾದವನ್ನು ವಜಾಗೊಳಿಸಲಾಯಿತು. ಪೂಜೆಯಾದ ಸ್ಟೇಪ್ಲರಿನಿಂದ ಪಿನ್ನು ಹೊಡೆಯುತ್ತಿಲ್ಲವೇ ಎಂಬ ಪೂರಕ ಪ್ರಶ್ನೆಗೆ, ಪಿನ್ನು ಸರಬರಾಜಾಗಿಲ್ಲವೆಂದು ಉತ್ತರಿಸಲಾಯಿತು.

12. ತದನಂತರ ಅಧೀಕ್ಷಕರು ಹಿತವಚನವಾಗಿ, "ರಿಟೈರ್ ಆಗೋ ಹೊತ್ನಲ್ಲಿ ನಿಮಗ್ಯಾಕಮ್ಮಾ ಬಂದೂಕು? ಕಾಶಿ ರಾಮೇಶ್ವರ ಅಂತ ಹೋಗಿಬನ್ನಿ" ಎಂದರು. ಅದಕ್ಕೆ ಶ್ರೀಮತಿ ಅನಸೂಯಮ್ಮನವರು, "ನಿಮ್ ಷರಾಗೆಲ್ಲ ಕರಡು ಬರ್ದು ಬರ್ದು ಸವ್ದೋದ ಕೈ ಕಣ್ ಸಾ ಇದು. ಒಂದ್ ಕಿತ ಇದ್ಕೆ ಬೇಕಾದ್ದ ಇದು ಮಾಡ್ಲಿ ಬುಡಿ" ಎಂದು ಹೇಳಿ, ಬಾಗಿಲನ್ನು ಉಲ್ಲೇಖ ಐದರಲ್ಲಿ ತಿಳಿಸಿರುವಂತೆ ಹಾಕಿಕೊಂಡು ಹೋದರು. ಅಂದು ಸಂಜೆ ಹೊಳೆನರಸೀಪುರದ ಬಸ್ಸಿನಲ್ಲಿ ಕಿಟಕಿಯ ಕಡೆಗೆ ಮುಖ ಮಾಡಿಕೊಂಡು ಅವರು ಅತ್ತಿರುತ್ತಾರೆ. ಇದು ಕಚೇರಿ ವೇಳೆಯ ನಂತರ ಜರುಗಿದ್ದರಿಂದ ಕ್ರಮ ಜರುಗಿಸಲು ಅವಕಾಶವಿರುವುದಿಲ್ಲ.

13. ಮೇಲ್ಕಂಡ ಎಲ್ಲ ಅಂಶಗಳನ್ನು ಪರಿಗಣಿಸಿ, ಸಮಿತಿಯು ಈ ಕೆಳಗಿನಂತೆ ಶಿಫಾರಸು ಮಾಡಿದೆ:

ಅ) ಪೂಜೆಯಾದ ಹಲಗೆಯನ್ನು ಯಾರೂ ಮುಟ್ಟತಕ್ಕದ್ದಲ್ಲ. ತುಕ್ಕು ಹಿಡಿದಲ್ಲಿ ತುಕ್ಕನ್ನೂ ಮುಟ್ಟತಕ್ಕದ್ದಲ್ಲ.

ಆ) ಹೊಸ ಹಲಗೆಯ ಪ್ರಸ್ತಾವನೆಯನ್ನು ಮುಂದಿನ ಆರ್ಥಿಕ ವರ್ಷದಲ್ಲಿ ಸಲ್ಲಿಸತಕ್ಕದ್ದು. ಅದು ಹಬ್ಬದ ದಿನ ತಲುಪದಂತೆ ಪಂಚಾಂಗ ನೋಡಿ ತರಿಸತಕ್ಕದ್ದು.

ಇ) ಅಲ್ಲಿಯವರೆಗೆ ಅಭ್ಯಾಸವಿಲ್ಲ, ದೃಢೀಕರಣವಿಲ್ಲ, ಸ್ಪರ್ಧೆಯಿಲ್ಲ. ಶ್ರೀಮತಿ ಅನಸೂಯಮ್ಮನವರ ಕ್ರೀಡಾಸಕ್ತಿಯನ್ನು ಬೀಳ್ಕೊಡುಗೆ ಸಮಾರಂಭದ ಭಾಷಣದಲ್ಲಿ ಎರಡು ಮಾತು ಹೊಗಳತಕ್ಕದ್ದು.

14. ಈ ಶಿಫಾರಸನ್ನು ಸುತ್ತೋಲೆಯ ರೂಪಕ್ಕೆ ತರುವಂತೆ ಅಧೀಕ್ಷಕರು ಆದೇಶಿಸಿದರು. ಒಳಬರುವ ಪತ್ರಕ್ಕೆ ಉತ್ತರ, ಹೊರಹೋಗುವ ಪತ್ರಕ್ಕೆ ನೆಪ, ಯಾವುದೇ ಇರಲಿ, ಈ ಕಚೇರಿಯಲ್ಲಿ ನೆಟ್ಟಗೆ ಕರಡು ಬರೆಯಬಲ್ಲವರು ಒಬ್ಬರೇ ಇರುವುದರಿಂದ, ಶ್ರೀಮತಿ ಅನಸೂಯಮ್ಮನವರಿಗೆ ಬೇಡವೆನ್ನುವ ಈ ಸುತ್ತೋಲೆಯ ಕರಡನ್ನು ಶ್ರೀಮತಿ ಅನಸೂಯಮ್ಮನವರಿಂದಲೇ ಬರೆಸಲಾಗಿದೆ. ಅವರು ಸಂತೋಷದಿಂದ ಬರೆದಿಲ್ಲ. ಆದರೆ ಒಂದಕ್ಷರ ಬಿಡದೆ ಬರೆದಿದ್ದಾರೆ.

15. ಮಾನ್ಯ ಕಚೇರಿ ಮುಖ್ಯಸ್ಥರಾದ ಶ್ರೀ ಗೌರೀಶಂಕರ ಅವರು ಕರಡು ಕಂಡೊಡನೆ, "ಎಲ್ಲಿ ಸೈನ್ ಹಾಕ್ಬೇಕು ಅಂತ ಪೆನ್ಸಿಲ್ನಲ್ಲಿ ಟಿಕ್ ಮಾಡ್ಬಿಡಿ ಅಮ್ಮಾ, ಸಾಕು" ಎನ್ನುವ ಪದ್ಧತಿ ಇರುತ್ತದೆ. ಅಧೀಕ್ಷಕರು ವಿಷಯದ ಸಾಲನ್ನೂ ಕೊನೆಯ ಸಹಿಯನ್ನೂ ಮಾತ್ರ ನೋಡುತ್ತಾರೆ. ಇಷ್ಟು ವರ್ಷಗಳ ಸೇವೆಯಲ್ಲಿ ಈ ನಂಬಿಕೆಯನ್ನು ಕರಡು ಬರೆದವರು ಒಂದು ದಿನವೂ ದುರುಪಯೋಗ ಮಾಡಿಕೊಂಡಿರುವುದಿಲ್ಲ. ಇಂದು ಮಾಡಿಕೊಳ್ಳಲಾಗಿದೆ.

16. ಅದರಂತೆ, ನಿಯಮ 13ರ ಶಿಫಾರಸುಗಳನ್ನು ಪೂರ್ಣವಾಗಿ ತಳ್ಳಿಹಾಕಿ, ಈ ಕೆಳಗಿನಂತೆ ಆದೇಶಿಸಲಾಗಿದೆ:

ಅ) ಹಿತ್ತಲಿನಲ್ಲಿ ಈಗ ಪೆಟ್ಟಿಗೆಯೊಳಗೆ ಬಾಗಿಸಿ ಕೂರಿಸಿರುವ ಆರು ಮಿಲಿಮೀಟರ್ ಎಂ.ಎಸ್. ಪ್ಲೇಟನ್ನು ಸುರಕ್ಷಿತ ಗುಂಡು ತಡೆಯೆಂದು ಈ ಮೂಲಕ ಘೋಷಿಸಲಾಗಿದೆ. ಹೊಡೆಯುವವರು ಮೊದಲು ಹಲಗೆಯನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು, "ನೀನು ಇರೋದೇ ತಡೆಯೋಕೆ ಕಣವ್ವಾ, ತಡ್ಕೋ" ಎಂದು ಹೇಳಿ ಆಮೇಲೆ ಹೊಡೆಯತಕ್ಕದ್ದು. ಶ್ರೀಮತಿ ಅನಸೂಯಮ್ಮನವರು ಮೊನ್ನೆ, ನಿನ್ನೆ ಮತ್ತು ಇಂದು, ಕಚೇರಿ ತೆರೆಯುವ ಮುನ್ನ ಬಂದು ಹೀಗೆಯೇ ಮಾಡಿರುತ್ತಾರೆ. ಹಲಗೆಯಿಂದ ಆಕ್ಷೇಪಣೆ ಬಂದಿಲ್ಲ. ಶ್ರೀ ಸಿದ್ದೇಶ್ವರ ಗೇಟು ತೆಗೆದುಕೊಟ್ಟಿದ್ದು, ಅವರ ಮೇಲೆ ಯಾವುದೇ ಕ್ರಮ ಕೈಗೊಳ್ಳತಕ್ಕದ್ದಲ್ಲ.

ಆ) ಸದರಿ ಅನಸೂಯಮ್ಮನವರು ಸುರಕ್ಷಿತ ಉಕ್ಕಿನ ತಡೆಯ ಮುಂದೆ ಅಭ್ಯಾಸ ಮಾಡಿದ್ದಾರೆಂದು ಈ ಸುತ್ತೋಲೆಯ ಮೂಲಕವೇ ದೃಢೀಕರಿಸಲಾಗಿದೆ. ಇದು ನಿಜವೂ ಹೌದು.

ಇ) ಶುಕ್ರವಾರ ಮತ್ತು ಶನಿವಾರ ಅವರನ್ನು ಕ್ರೀಡಾಕೂಟದ ನಿಮಿತ್ತ ಕರ್ತವ್ಯದ ಮೇಲೆ ಹಾಸನಕ್ಕೆ ನಿಯೋಜಿಸಲಾಗಿದೆ. ಗನ್ನನ್ನು ಬೀರುವಿನಿಂದ ಅವರ ಸುಪರ್ದಿಗೆ ಕೊಡತಕ್ಕದ್ದು. ಕೊಡಲಾಗಿದೆ.

ಈ) ಮರಳಿನ ತಟ್ಟೆಯಲ್ಲಿ ಬಿದ್ದಿರುವ ಸೀಸದ ಗುಂಡುಗಳನ್ನು ಶ್ರೀ ಪಂಚಾಕ್ಷರಯ್ಯನವರು ಖುದ್ದಾಗಿ ಜರಡಿ ಹಿಡಿದು ಆಯ್ದಿಡತಕ್ಕದ್ದು. ಆಮೇಲೆ ಕೈ ತೊಳೆದುಕೊಂಡೇ ಟೀ ಕುಡಿಯತಕ್ಕದ್ದು. ಸೀಸ ಒಳ್ಳೆಯದಲ್ಲ, ಅವರಿಗೆ ಮೊದಲೇ ಗ್ಯಾಸ್ಟ್ರಿಕ್.

17. ಅವರು ಗೆಲ್ಲುತ್ತಾರೆಂದು ಈ ಕಚೇರಿಯು ಯಾವುದೇ ಭರವಸೆ ನೀಡುವುದಿಲ್ಲ. ಪಟ್ಟಿಯಲ್ಲಿರುವ ಉಳಿದ ಹೆಣ್ಣುಮಕ್ಕಳೆಲ್ಲರೂ ಅವರ ಅರ್ಧ ವಯಸ್ಸಿನವರು. ಸಾಲಿನಲ್ಲಿ ನಿಂತು, ತಮ್ಮ ಹೆಸರು ಕೂಗಿದಾಗ ಮುಂದೆ ಹೋಗುವುದಷ್ಟೇ ಅವರಿಗೆ ಬೇಕಾಗಿರುವುದು. ಇದಕ್ಕೆ ಹಣಕಾಸು ಇಲಾಖೆಯ ಸಹಮತಿ ಅಗತ್ಯವಿರುವುದಿಲ್ಲ.

18. ಈ ಸುತ್ತೋಲೆಯನ್ನು ರದ್ದುಪಡಿಸಬೇಕೆಂದು ಯಾರಿಗಾದರೂ ಕಂಡುಬಂದಲ್ಲಿ, ಒಂದು ಸುತ್ತೋಲೆಯನ್ನು ಇನ್ನೊಂದು ಸುತ್ತೋಲೆಯಿಂದ ಮಾತ್ರ ರದ್ದುಪಡಿಸಲು ಅವಕಾಶವಿರುತ್ತದೆ. ಅದರ ಕರಡನ್ನು ಶ್ರೀಮತಿ ಅನಸೂಯಮ್ಮನವರು ಹಾಸನದಿಂದ ಹಿಂದಿರುಗಿ ಸೋಮವಾರ ಬೆಳಿಗ್ಗೆ ಹತ್ತೂವರೆಗೆ ತಪ್ಪದೇ ಬರೆದುಕೊಡತಕ್ಕದ್ದು.

(ಸಹಿ/-)
ಗೌರೀಶಂಕರ
ಕಚೇರಿ ಮುಖ್ಯಸ್ಥರು
ಉಪವಿಭಾಗ ಕಚೇರಿ, ಅರಕಲಗೂಡು

ಪ್ರತಿಗಳು:

1. ಮಾನ್ಯ ಮೇಲಧಿಕಾರಿಗಳು, ಹಾಸನ: ಮಾಹಿತಿಗಾಗಿ. ಓದುವ ಅಗತ್ಯವಿರುವುದಿಲ್ಲ.
2. ಕ್ರೀಡಾಕೂಟದ ಸಂಘಟಕರು: ನಿಯಮ 16(ಆ) ಮಾತ್ರ ಓದಿಕೊಳ್ಳುವುದು.
3. ಶ್ರೀ ಪಂಚಾಕ್ಷರಯ್ಯ, ಅಧೀಕ್ಷಕರು: ಜರಡಿ ಸಹಿತ.
4. ಉಗ್ರಾಣ ಪಾಲಕರು, ಗೊರೂರು: ಇನ್ನು ಎದ್ದೇಳಬಹುದು.
5. ಶ್ರೀಮತಿ ಪಾರ್ವತಮ್ಮ, ಎದುರು ಮನೆ: ಭಾನುವಾರವೂ ಒಂದು ದೀಪ ಹಚ್ಚಲು ಕೋರಿಕೆ.
6. ಜೀಪು ಚಾಲಕರು: ಹುದ್ದೆ ಖಾಲಿ ಇರುವುದರಿಂದ ಪ್ರತಿಯನ್ನು ಸೀಟಿನ ಮೇಲೆ ಇಡಲಾಗಿದೆ.
7. ಸೂಚನಾ ಫಲಕಕ್ಕೆ: ಸೋಮವಾರ ಅಂಟಿಸತಕ್ಕದ್ದು, ಅದಕ್ಕಿಂತ ಮೊದಲಲ್ಲ.
8. ಶ್ರೀಮತಿ ಅನಸೂಯಮ್ಮ, ಪ್ರಥಮ ದರ್ಜೆ ಸಹಾಯಕರು: ಪ್ರತಿ ತಲುಪಿದೆ. ಅವರು ಹೊರಟಿದ್ದಾರೆ.